ಎಂಎಸ್ಸಿ ಮುಗಿದ ಮೇಲೆ ಬರುವ ಮದ್ದು

ಜೀವರಸಾಯನ ಮತ್ತು ಅಣು ತಳಿವಿಜ್ಞಾನದ ಎಂಎಸ್ಸಿಗೆ ಕಲಬುರಗಿಯ ನಾನೂ ಸೇರಿ ಎಲ್ಲರೂ ಬೇರೆ ಸೀಟು ಸಿಗದೆ ಬಂದವರು. ತರನ್ನುಮ್ ಒಬ್ಬಳೇ ಬೇಕೆಂದು ಬಂದವಳು. ಕೊಡಿಗೇಹಳ್ಳಿಯಲ್ಲಿರುವ ಅವಳ ಅಕ್ಕ ಶಹರ್ಬಾನುವಿನ ಮಗಳು ಫಾಯಿಜಾಗೆ ಥಲಸ್ಸೇಮಿಯಾ, ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸದಿದ್ದರೆ ಏಳು ವರ್ಷದ ಆ ಮಗು ಮೆಟ್ಟಿಲೂ ಹತ್ತಲಾರದು. "ನಾನು ಓದಿ ಮದ್ದು ಕಂಡುಹಿಡೀತೀನಿ" ಎಂದು ಕಾಲೇಜು ಸೇರುವ ದಿನ ತರನ್ನುಮ್ ಹೇಳಿಬಿಟ್ಟಿದ್ದಳು. ಮನೆಯವರು ನಂಬಿಬಿಟ್ಟರು.

ಮದ್ದಂತೆ ಮದ್ದು! ಸೋಲದೇವನಹಳ್ಳಿಯ ನಮ್ಮ ಲ್ಯಾಬಿನಲ್ಲಿ ಎರಡು ವರ್ಷ ನಾವು ಮಾಡಿದ್ದು ಮೊಸರಿನ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆಯುವ ಕೆಲಸ. ಫಾಯಿಜಾಳ ಜೀನಿನಲ್ಲಿ ಯಾವ ಜಾಗದಲ್ಲಿ ಎಡವಟ್ಟಾಗಿದೆ ಎಂದು ತರನ್ನುಮ್ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಳು. ಸರಿಪಡಿಸಲು ಅವಳ ಕೈಲಿ ಏನೂ ಇರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಆಸ್ಪತ್ರೆಯವರು ಕರೆದರು. ಫಾಯಿಜಾಗೆ ಅವಳ ಅಣ್ಣನ ಅಸ್ಥಿಮಜ್ಜೆ ಹೊಂದುತ್ತದೆಯೇ ಎಂದು ಪರೀಕ್ಷಿಸೋಣ, ಹೊಂದಿದರೆ ಕಸಿ ಮಾಡಿ ಗುಣಪಡಿಸಬಹುದು, ವಯಸ್ಸು ಹೆಚ್ಚಿದಷ್ಟೂ ಕಷ್ಟ ಎಂದರು. ಶಹರ್ಬಾನು ಎರಡು ಸಲ ಹೋಗಲೇ ಇಲ್ಲ. ಅದು ಗೊತ್ತಾದ ದಿನ ತರನ್ನುಮ್ ಕ್ಯಾಂಟೀನಿನಲ್ಲಿ ನನ್ನ ಕೈ ಹಿಡಿದು ಅತ್ತಳು.

"ಸ್ನೇಹಾ, ನೀನೂ ಬಾರೇ. ಅಕ್ಕನ ಹತ್ರ ಒಬ್ಬಳೇ ನಿಜ ಹೇಳೋಕೆ ಧೈರ್ಯ ಇಲ್ಲ."

"ಬಾಯಿ ಬಿಡೂಕಿಂತ ಮೊದ್ಲ ವಿಚಾರ ಮಾಡಬಾರದೇನ?" ಎಂದು ಬೈಯುತ್ತಲೇ ಜೊತೆಗೆ ಹೋದೆ.

ಶಹರ್ಬಾನು ಚಹಾ ಕೊಟ್ಟು, ನನಗಾಗಿ ಕನ್ನಡದಲ್ಲೇ ಮಾತಾಡಿದರು. "ಮನೇಲೇ ಮದ್ದು ತಯಾರಾಗ್ತಿರುವಾಗ ಮಗೂಗೆ ಆಪರೇಷನ್ ಯಾಕೆ ಹೇಳಿ? ಇನ್ನೆರಡು ತಿಂಗಳು ತಾನೆ."

"ಆಪಾ, ನನ್ನ ಹತ್ರ ಮದ್ದಿಲ್ಲ" ಎಂದಳು ತರನ್ನುಮ್. "ಎಂಎಸ್ಸಿ ಮುಗಿದ್ರೂ ಇರಲ್ಲ. ಗೊತ್ತಿಲ್ದೆ ಹೇಳ್ಬಿಟ್ಟಿದ್ದೆ. ನಾಳೆನೇ ಆಸ್ಪತ್ರೆಗೆ ಹೋಗೋಣ."

ಶಹರ್ಬಾನು ನಕ್ಕುಬಿಟ್ಟರು. "ಪರೀಕ್ಷೆ ಹತ್ರ ಬಂತಲ್ಲ, ಹೆದರಿದ್ದಾಳೆ. ಪಿಯುಸೀಲೂ ಇದೇ ರಾಗ ತೆಗೆದು ಡಿಸ್ಟಿಂಕ್ಷನ್ ತಂದ್ಲು."

ಈ ಹೆಂಗಸಿಗೆ ಹೇಗಪ್ಪಾ ತಿಳಿಸುವುದು ಎಂದು ನನ್ನ ಮೈಯೆಲ್ಲ ಉರಿಯಿತು. "ಇಲ್ರಿ ಅಕ್ಕಾ, ಖರೇನ ಹೇಳ್ಲಿಕತ್ತಾಳ" ಎಂದೆ. ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

ತರನ್ನುಮ್ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ಒಳಗೆ ಹೋಂವರ್ಕ್ ಬರೆಯುತ್ತಿದ್ದ ಫಾಯಿಜಾ ಎದ್ದು ಬಂದು ಅವಳ ತೊಡೆಯ ಮೇಲೆ ಕೂತಳು.

"ಫೇಲಾದ್ರೆ ಏನಾಯ್ತು ಖಾಲಾ? ಇನ್ನೊಂದ್ಸಲ ಬರಿ. ಅಲ್ಲೀವರ್ಗೂ ನಾನು ರಕ್ತ ಹಾಕಿಸ್ಕೋತೀನಿ. ಸೂಜಿ ಚುಚ್ಚಿದ್ರೂ ಅಳಲ್ಲ."