ಗ್ಯಾದರಿಂಗಿನ ಜೋಡಿ

ಟ್ರಂಕು ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ದಸರೆಗೆ ಮುಂಚೆ ಮನೆಯ ಬಟ್ಟೆಬರೆಯನ್ನೆಲ್ಲ ಒಗೆದು ಹಾಕುವುದು ನಮ್ಮಲ್ಲಿ ಪದ್ಧತಿ. ಎಲ್ಲದರ ಅಡಿಯಲ್ಲಿ ಅಪ್ಪನ ಕೆಂಪು ರುಮಾಲು ಇತ್ತು. ಅಪ್ಪ ಹೋಗಿ ಬಹಳ ವರ್ಷವಾಯಿತು. ಆದರೆ ಅದನ್ನು ಕೈಗೆತ್ತಿಕೊಂಡಾಗ ನೆನಪಾದದ್ದು ಅಪ್ಪನಲ್ಲ, ದೇವರು ಕ್ಷಮಿಸಲಿ… ಒಂದೇ ಒಂದು ಸಂಜೆ ಅದನ್ನು ತಲೆಗೆ ಸುತ್ತಿಕೊಂಡಿದ್ದ ನನ್ನ ಗೆಳತಿ.

ಮಂಚದ ಮೇಲೆ ಮಗಳು ಮೊಬೈಲಿನಲ್ಲಿ ಸಿನಿಮಾ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದಳು. ಯಾವುದೋ ಪರದೇಶದ ಶಾಲೆ. ಓದು ಮುಗಿಯುವ ವರ್ಷ ಅಲ್ಲಿ ಒಂದು ಸಂಜೆ ಎಲ್ಲರೂ ಸೇರಿ ಕುಣಿಯುತ್ತಾರಂತೆ, ಜೋಡಿ ಇಲ್ಲದೆ ಹೋದರೆ ಮರ್ಯಾದೆ ಇಲ್ಲವಂತೆ. ಒಬ್ಬ ಪೆದ್ದ ಹುಡುಗ ಕಂಡಕಂಡವರನ್ನು ಕೇಳುತ್ತಾನೆ, ಎಲ್ಲರೂ ಒಲ್ಲೆ ಅನ್ನುತ್ತಾರೆ. ನಾನೂ ಬಟ್ಟೆ ಮಡಚುತ್ತ ಪಕ್ಕದಲ್ಲಿ ಕುಳಿತೆ. ಅದರಲ್ಲೊಬ್ಬ ಹುಡುಗಿ ಹೊಸ ಬಟ್ಟೆ ತೊಟ್ಟು ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

"ಯವ್ವಾ, ಯಾಕ ಅಳಾಕತ್ತಿ? ಇದು ನಗೋ ಸಿನಿಮಾ," ಅಂದಳು ಮಗಳು.

ಗಂಗಾವತಿಯಲ್ಲಿ ನಾವು ಪಿಯುಸಿ ಓದಿದ್ದು ಹುಡುಗಿಯರ ಕಾಲೇಜಿನಲ್ಲಿ. ಅವಳು ದರ್ಜಿಯವರ ಮಗಳು, ಮೂರನೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಇಡೀ ಕಾಲೇಜಿಗೆ ಎತ್ತರ. ನಾನು ಅವಳ ಭುಜಕ್ಕೂ ಬರುತ್ತಿರಲಿಲ್ಲ. ಎರಡು ವರ್ಷ ನನ್ನ ರೊಟ್ಟಿ ಅವಳು ತಿಂದಳು, ಅವಳ ಚಪಾತಿ ನಾನು ತಿಂದೆ. ಅವಳು ನನ್ನವಳು ಅಂತ ನಾನು ತಿಳಿದಿದ್ದೆ. ಅದನ್ನು ಅವಳಿಗೆ ಹೇಳಬೇಕು ಅಂತ ಮಾತ್ರ ತಿಳಿದಿರಲಿಲ್ಲ.

ಎರಡನೇ ವರ್ಷದ ಗ್ಯಾದರಿಂಗಿಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ರೈತ ದಂಪತಿಗಳ ಕುಣಿತ ಮಾಡಿಸುತ್ತೇವೆ ಅಂದರು ನಮ್ಮ ಮೇಡಂ. ಆರು ಜೋಡಿ. ಗಂಡುಹುಡುಗರಿಲ್ಲದ ಕಾಲೇಜಾದ್ದರಿಂದ ಆರು ಜನ ಎತ್ತರದ ಹುಡುಗಿಯರು ಧೋತರ ಉಟ್ಟು, ಕಾಡಿಗೆಯ ಮೀಸೆ ಬರೆದುಕೊಂಡು ಗಂಡಸರಾಗಬೇಕು. "ನಿಮ್ಮ ಜೋಡಿ ನೀವ ಹುಡಿಕ್ಕೊಂಡು ಸೋಮವಾರ ಹೆಸರು ಕೊಡ್ರಿ," ಅಂದರು.

ಆ ವಾರ ದರ್ಜಿಯವರ ಮಗಳಿಗೆ ಹಬ್ಬ. ಒಬ್ಬಳು ಪೇರಲಹಣ್ಣು ತಂದುಕೊಟ್ಟಳು, ಇನ್ನೊಬ್ಬಳು ಲ್ಯಾಬಿನ ಜರ್ನಲ್ ಬರೆದುಕೊಟ್ಟಳು. "ಏ, ನನ್ನ ಹೇಣ್ತಿ ಆಗಾಕ ಇಷ್ಟು ಸಾಲು ಹಚ್ಚೀರಲ್ಲ, ಅಡಗಿ ಯಾರಿಗೆ ಬರ್ತೈತಿ ಹೇಳ್ರಿ ಮೊದಲ," ಎಂದು ಅವಳು ಎಲ್ಲರ ಕಾಲೆಳೆಯುತ್ತಿದ್ದಳು. ನಾನು ನಗುತ್ತ ಕುಳಿತಿದ್ದೆ. ನಾನೇಕೆ ಕೇಳಬೇಕು? ಅವಳ ವೇಷಕ್ಕೆಂದು ಅಪ್ಪನ ಪೆಟ್ಟಿಗೆಯಿಂದ ಈ ಕೆಂಪು ರುಮಾಲನ್ನು ತಂದುಕೊಟ್ಟವಳೂ ನಾನೇ.

ಸೋಮವಾರ ಅವಳು ಬರೆಸಿದ್ದು ಅಕ್ಕಿ ಗಿರಣಿಯವರ ಮಗಳ ಹೆಸರನ್ನು.

ಗಿರಣಿಯವರ ಮಗಳು ಬೆಳ್ಳಗೆ, ದುಂಡಗೆ, ಯಾರನ್ನು ಕಂಡರೂ ನಗುವವಳು. ನೇರವಾಗಿ ಹೋಗಿ, "ನನ್ನ ಜೋಡಿ ಆಗ್ತಿಯೇನ?" ಎಂದು ಕೇಳಿದ್ದಳಂತೆ, ದರ್ಜಿಯವರ ಮಗಳು ಹೂಂ ಅಂದಿದ್ದಳಂತೆ. ಅಷ್ಟೇ. ಅಂದಿನಿಂದ ನಾನು ಬೇರೆ ಬೆಂಚಿಗೆ ಹೋದೆ. ದಿನಾ ಮಧ್ಯಾಹ್ನ ಅವರಿಬ್ಬರ ತಾಲೀಮು ನಡೆಯುವಾಗ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಇವಳು ಅವಳ ಸೆರಗು ಸರಿಮಾಡಿದ್ದು ಸಹ ನನಗೆ ಲೆಕ್ಕಕ್ಕಿತ್ತು. ಆ ಶುಕ್ರವಾರ ಅವ್ವನ ಜೊತೆ ಹೇಮಗುಡ್ಡಕ್ಕೆ ಹೋದಾಗ ದುರ್ಗಮ್ಮನ ಮುಂದೆ ನಿಂತು ನಾನು ಬೇಡಿಕೊಂಡದ್ದನ್ನು ಎಂದಿಗೂ ಬಾಯಿಬಿಟ್ಟು ಹೇಳಲಾರೆ ಅಂದುಕೊಂಡಿದ್ದೆ. ಹೇಳಿಬಿಡುತ್ತೇನೆ. ಗಿರಣಿಯವರ ಮಗಳು ಹಾಸಿಗೆ ಹಿಡಿಯಲಿ ಅಂತ ಬೇಡಿಕೊಂಡೆ.

ಗ್ಯಾದರಿಂಗಿಗೆ ನಾಲ್ಕು ದಿನ ಇರುವಾಗ ಅವಳಿಗೆ ಮೈತುಂಬ ಗುಳ್ಳೆ ಎದ್ದವು. ಅದಕ್ಕೆ ನಮ್ಮ ಕಡೆ ಕಾಯಿಲೆ ಅನ್ನುವುದಿಲ್ಲ, ಅಮ್ಮ ಬಂದಾಳ ಅನ್ನುತ್ತಾರೆ. ಅಮ್ಮನನ್ನು ಆ ಮನೆಗೆ ಕಳಿಸಿದವಳು ನಾನೇ ಅಂತ ನಂಬಿ, ದೇವರ ಕೋಣೆಯಲ್ಲಿ ಕುಳಿತು ಕೆನ್ನೆ ಕೆನ್ನೆ ಬಡಿದುಕೊಂಡೆ.

ಅದೇ ಸಂಜೆ ದರ್ಜಿಯವರ ಮಗಳು ನಮ್ಮ ಮನೆಗೆ ಬಂದಳು. ಅವ್ವ ಕೊಟ್ಟ ಚಹಾ ಕುಡಿದು, ಹಿತ್ತಲಿಗೆ ನನ್ನನ್ನು ಎಳೆದುಕೊಂಡು ಹೋದಳು.

"ಈಗರ ಬರ್ತಿಯೇನಲೇ? ಮೇಡಂಗ ನಿನ್ನ ಹೆಸರು ಹೇಳಿ ಬಂದೀನಿ."

"ಆಕಿ ಬಿದ್ಲಂತ ನನ್ನ ಕರಿಯಾಕ ಬಂದಿ. ಉಳದ ಜಾಗಾಕ್ಕ ನಾ ಬರಂಗಿಲ್ಲ."

"ಮೊದಲ ನೀ ಕೇಳಲೇ ಇಲ್ಲಲ್ಲ! ಹಲ್ಲಿಗತೆ ಗೋಡಿಗೆ ಹತ್ತಿ ಕುಂತಿದ್ದಿ. ನಿನಗ ಕುಣಿಯೋದು ನಾಚಿಕಿ ಅಂತ ತಿಳದಿದ್ದೆ ನಾ."

"ಕೇಳಬೇಕೇನ ನಾ? ಎರಡು ವರ್ಷ ರೊಟ್ಟಿ ತಿಂದಾಕಿಗೆ ತಿಳಿಯಂಗಿಲ್ಲೇನ?"

ಅವಳು ನನ್ನ ಗಲ್ಲ ಹಿಡಿದೆತ್ತಿದಳು. "ಮಾರಿ ನೋಡು, ಹಾಗಲಕಾಯಿ ಆಗೇತಿ," ಎಂದು ನಗಿಸಲು ನೋಡಿದಳು. ಹೂಂ ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು… ಆದರೆ ಹೋಗುವಾಗ ಅವಳು, "ಆಕೀಗ ಬೇವಿನ ತೊಪ್ಪಲು ಕೊಟ್ಟು ಬರ್ತೀನಿ, ಪಾಪ, ಭಾಳ ಅಳಾಕತ್ತಾಳ," ಅಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗ್ಯಾದರಿಂಗಿನ ದಿನ ಐದು ಜೋಡಿಗಳ ನಡುವೆ ಅವಳು ಒಬ್ಬಳೇ ಬಂದಳು. ಬೇರೆಯವರ ಹೆಂಡಂದಿರು ಬುತ್ತಿ ಹೊತ್ತು ತಂದಾಗ ಇವಳು ತಲೆಯ ರುಮಾಲು ಬಿಚ್ಚಿ ಸೆರಗಿನಂತೆ ಹೊದ್ದು, ಬುಟ್ಟಿಯನ್ನು ತಾನೇ ಹೊತ್ತು ವೈಯಾರದಿಂದ ನಡೆದು ಬಂದಳು. ಕೆಳಗಿಟ್ಟವಳೇ ಅದೇ ಬಟ್ಟೆಯನ್ನು ರುಮಾಲು ಸುತ್ತಿ, ಮೀಸೆ ತಿರುವಿ ಊಟಕ್ಕೆ ಕುಳಿತಳು. ಜನ ಸಿಳ್ಳೆ ಹೊಡೆದರು. ಪ್ರಾಂಶುಪಾಲರೂ ಕಣ್ಣೊರೆಸಿಕೊಂಡು ನಕ್ಕರು. ಕಡೆಗೆ ಹಣೆಗೆ ಕೈ ಹಿಡಿದು ಜನರತ್ತ ನೋಡಿ, "ತವರಮನಿಗೆ ಹ್ವಾದಾಕಿ ಇನ್ನೂ ಬರವಲ್ಲಳಲ್ಲಪ್ಪೋ!" ಎಂದು ಕೂಗಿದಳು. ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಅವಳು ನೋಡುತ್ತಿದ್ದದ್ದು ನಾನು ಕುಳಿತಿದ್ದ ಕಡೆಗೆ. ನಾನು ತಲೆ ತಗ್ಗಿಸಿದೆ. ಚಪ್ಪಾಳೆ ಹೊಡೆಯಲಿಲ್ಲ.

ರುಮಾಲು ಒಗೆದು, ಇಸ್ತ್ರಿಯಾಗಿ, ಬೇರೆಯವರ ಕೈಯಲ್ಲಿ ಮನೆಗೆ ಬಂತು. ಪರೀಕ್ಷೆ ಮುಗಿಯಿತು. ಅವಳನ್ನು ಸಿಂಧನೂರಿಗೆ ಕೊಟ್ಟರು. ಮದುವೆ ಪತ್ರಿಕೆ ಬಂದಿತ್ತು, ಮೈಯಲ್ಲಿ ಆರಾಮಿಲ್ಲ ಅಂತ ಹೇಳಿ ಕಳಿಸಿದೆ. ಮುಂದೆ ಎಂದಾದರೂ ಮಾತಾಡಿದರಾಯಿತು ಅಂದುಕೊಂಡೆ. ಸಂಸಾರ, ಮಕ್ಕಳು… ವರ್ಷಗಳು ಹಾಗೇ ಹೋದವು.

ಎರಡು ತಿಂಗಳ ಹಿಂದೆ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಯಾರೋ ಹಿಂದಿನಿಂದ ನನ್ನ ಹೆಗಲು ಹಿಡಿದರು. ಗಿರಣಿಯವರ ಮಗಳು. ಕೂದಲು ಬೆಳ್ಳಗಾಗಿದೆ, ನಗು ಹಾಗೇ ಇದೆ. ಹಣೆಯ ಮೇಲೆ ಆ ಅಮ್ಮನ ಒಂದು ಕಲೆಯೂ ಇದೆ. ಅವಳೇ ಸುದ್ದಿ ಹೇಳಿದಳು. ದರ್ಜಿಯವರ ಮಗಳು ತೀರಿಕೊಂಡು ವರ್ಷವಾಗುತ್ತ ಬಂತಂತೆ. ಕಿಡ್ನಿ ಹೋಗಿದ್ದವಂತೆ. ಹುಬ್ಬಳ್ಳಿಯ ಆಸ್ಪತ್ರೆಗೆ ಗಿರಣಿಯವರ ಮಗಳು ತಿಂಗಳಿಗೊಮ್ಮೆ ಹೋಗಿ ಕುಳಿತು ಬರುತ್ತಿದ್ದಳಂತೆ.

ನನಗೆ ಮೊದಲು ಅಳು ಬರಲಿಲ್ಲ. ಸಾವಿನ ಸುದ್ದಿಯೂ ಇವಳಿಗೇ ಮೊದಲು ತಿಳಿಯಿತಲ್ಲ ಅನ್ನಿಸಿತು. ಅಂಥ ಹೊತ್ತಿನಲ್ಲೂ.

ಅವಳು ಚೀಲ ಕೆಳಗಿಟ್ಟು ಮೊಬೈಲ್ ತೆಗೆದಳು. "ಕೇಳಿಲ್ಲಿ," ಎಂದು ನನ್ನ ಕಿವಿಗೆ ಹಿಡಿದಳು. ಸದ್ದುಗದ್ದಲದ ನಡುವೆ ಅದೇ ದನಿ, ಸ್ವಲ್ಪ ಬತ್ತಿದ್ದು: "ಏ ದಪ್ಪಿ, ಊಟಾ ಮಾಡಿದೇನ? ನಾ ಇವತ್ತ ಎರಡ ಇಡ್ಲಿ ತಿಂದೀನಿ. ಶಾಬಾಸ್ ಅನ್ನು." ಆಮೇಲೆ ನಗು. ಅಂಥ ಮೆಸೇಜುಗಳು ಇವಳ ಹತ್ತಿರ ನೂರಾರು ಇವೆಯಂತೆ.

ದೇವರು ನನಗೇನೂ ಕಡಿಮೆ ಮಾಡಿಲ್ಲ. ನಮ್ಮ ಮನೆಯವರ ಬಿಪಿ ಹತೋಟಿಯಲ್ಲಿದೆ, ಮಗಳು ಓದುತ್ತಾಳೆ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ. ಬೆಳಿಗ್ಗೆ ದೀಪ ಹಚ್ಚುವಾಗ ಒಂದೊಂದನ್ನೇ ನೆನೆದು ಕೈಮುಗಿಯುತ್ತೇನೆ. ಆದರೂ ಇನ್ನೊಬ್ಬಳ ಮೊಬೈಲಿನಲ್ಲಿ ಆ ನಗು ಇದೆ, ನನ್ನಲ್ಲಿ ಒಂದೂ ಇಲ್ಲ.

ಗಿರಣಿಯವರ ಮಗಳ ನಂಬರು ನನ್ನ ಹತ್ತಿರ ಇದೆ. ಅವಳ ದನಿ ನನಗೂ ಒಂದು ಕಳಿಸು ಎಂದು ಬರೆಯುತ್ತೇನೆ, ಅಳಿಸುತ್ತೇನೆ. ಕೇಳಿದರೆ ಒಂದಲ್ಲ, ಎಲ್ಲವನ್ನೂ ಕಳಿಸಿಬಿಡುತ್ತಾಳೆ, ನನಗೆ ಗೊತ್ತು. ಅಷ್ಟು ಒಳ್ಳೆಯವಳು ಅವಳು. ಅದನ್ನೇ ನನಗೆ ಇಂದಿಗೂ ತಡೆದುಕೊಳ್ಳಲು ಆಗುತ್ತಿಲ್ಲ.