ಶಾಸಕರು ಕುಡಿದ ನೀರು

ಶಿವಮ್ಮ, ಅಂದು ನೀವು ಶಾಸಕರ ಕೈಗೆ ಕೊಟ್ಟ ತಂಬಿಗೆಯಲ್ಲಿ ಇದ್ದದ್ದು ನಿಮ್ಮ ಓಣಿಯ ಬೋರಿನ ನೀರಲ್ಲ. ಅದನ್ನು ಬಚ್ಚಲಿಗೆ ಚೆಲ್ಲಿ, ಅಂಗಡಿಯ ಬಾಟಲಿ ನೀರು ತುಂಬಿಟ್ಟವಳು ನಾನು. ಇಷ್ಟು ವರ್ಷ ನಿಮಗೆ ಹೇಳಲಿಲ್ಲ — ಹೇಳಬಹುದಾಗಿದ್ದ ದಿನಗಳು ಎಷ್ಟೋ ಇದ್ದವು.

ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳ ಬೆನ್ನಿಗೇ ನಿಮ್ಮ ಓಣಿ. ನೀವೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಹೈದರಾಬಾದಿನ ಆ ತುದಿಯಲ್ಲಿ ಏಳುತ್ತಿದ್ದ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊತ್ತವರು. ಬೋರಿನ ನೀರು ಔಷಧದ ನಾತ ಹೊಡೆಯತೊಡಗಿದಾಗ ನನ್ನ ಹತ್ತಿರ ಬಂದಿರಿ. ನಾನು ಕನ್ನಡ ಸಂಘದ ಕಾರ್ಯದರ್ಶಿ, ತೆಲುಗು ಬಲ್ಲವಳು. ಶಾಸಕರನ್ನು ನಿಮ್ಮ ಮನೆಗೇ ಕರೆಸಿದೆ.

"ಭಾಷಣ ಬ್ಯಾಡ್ರಿ ಅಕ್ಕಾರ," ಎಂದಿರಿ. "ಮನಿಗೆ ಬಂದವರಿಗೆ ಬೆಲ್ಲ-ನೀರು ಕೊಡೂದು ನಮ್ಮ ಪದ್ಧತಿ. ನಮ್ಮ ಬೋರಿನ ನೀರ ಕೊಡೂಣು. ಒಂದ ಗುಟುಕ ಬಾಯಾಗ ಹಾಕ್ಕೊಂಡ್ರ ಅವರಿಗೇ ತಿಳೀತೈತಿ."

ಅದಕ್ಕಿಂತ ಚೆನ್ನಾಗಿ ಯಾವ ಮನವಿಯೂ ಹೇಳುತ್ತಿರಲಿಲ್ಲ. ನನಗದು ಗೊತ್ತಿತ್ತು — ಗೊತ್ತಿದ್ದೇ ಹೆದರಿದೆ. ಸಂಘದ ಭವನಕ್ಕೆ ಶಾಸಕರಿಂದ ಜಾಗ ಆಗಬೇಕಿತ್ತು. ದೊಡ್ಡವರು ಮುಖ ಸಿಂಡರಿಸಿಬಿಟ್ಟರೆ ಜಾಗ ಕೈತಪ್ಪೀತು ಎಂದುಕೊಂಡೆ. ನೀವು ಹಾರ ತರಲು ಹೋದಾಗ ತಂಬಿಗೆಯ ನೀರು ಬದಲಿಸಿದೆ.

ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದರು. ಓಣಿಯ ಹೆಂಗಸರೆಲ್ಲ ಉಸಿರು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಿರಿ. "ನೀಳ್ಳು ಬಾಗುನ್ನಾಯಮ್ಮಾ," ನೀರು ಚೆನ್ನಾಗಿದೆ ಎಂದರು. ಮತ್ತೇನು ತೊಂದರೆ ಎಂದು ನನ್ನನ್ನು ಕೇಳಿದರು. ನಾನು — ಥೂ, ಈಗಲೂ ಬರೆಯಲು ಕೈ ಬರುವುದಿಲ್ಲ — ಭವನದ ಜಾಗ ಕೇಳಿದೆ. ನೀರಿನ ಮಾತು ಆಮೇಲೆ ಎತ್ತೋಣ ಎಂದುಕೊಂಡೆ. ಎತ್ತಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ... ಮರುದಿನ ನೀವೇ ನನಗೆ ಹೇಳಿದಿರಿ, "ಅಷ್ಟ ದೊಡ್ಡವರು ಮಾರಿ ಕಿವಿಚಲಾರದ ಕುಡದ್ರಲ್ಲರೀ. ನಮ್ಮ ಮೂಗೇ ಸುಳ್ಳ ಹೇಳಾಕತ್ತಿರಬೇಕು."

ಬಸುರಿ ಮಗಳು ಗಿರಿಜಾಳಿಗೆಂದು ದೊಡ್ಡ ರಸ್ತೆಯ ನಳದಿಂದ ಕೊಡ ಹೊತ್ತು ತರುತ್ತಿದ್ದಿರಿ, ಅಂದಿನಿಂದ ಬಿಟ್ಟಿರಿ. ಗಿರಿಜಾ ಬೋರಿನ ನೀರು ಕುಡಿಯುವುದನ್ನು ಕಣ್ಣಾರೆ ಕಂಡೆ. ಒಂದು ಮಾತು ಸಾಕಿತ್ತು, ಶಿವಮ್ಮ — ನಿಮ್ಮ ಮೂಗು ಸುಳ್ಳು ಹೇಳುತ್ತಿಲ್ಲ ಎಂಬ ಒಂದು ಮಾತು. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡೆ.

ಮಗು ಸತ್ತೇ ಹುಟ್ಟಿತು. ನೀರಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನೀವು ಹಣೆಬರಹವನ್ನು ಬೈದುಕೊಂಡು ಅತ್ತಿರಿ, ನಾನು ಪಕ್ಕದಲ್ಲೇ ಕೂತು ನಿಮ್ಮ ಬೆನ್ನು ಸವರಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ತಿಂದವಳು ನಾನು, ಕುಡಿದವಳು ಗಿರಿಜಾ. ಭವನವೇನೋ ಎದ್ದಿತು. ಅದರ ಉದ್ಘಾಟನೆಗೂ ನೀವು ಬಂದು ನನ್ನ ಕೈ ಹಿಡಿದು ಸಂತೋಷಪಟ್ಟಿರಿ.

ಈ ಕಾಗದವನ್ನು ಕಳಿಸುವುದಿಲ್ಲ, ನಾಳೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಗಿರಿಜಾಳ ಎದುರಿಗೇ. ನೀವು ಎಂದಿನಂತೆ ಮೊದಲು ಬೆಲ್ಲ-ನೀರು ತಂದಿಡುತ್ತೀರಿ. ಹೇಳಿ ಮುಗಿಯುವವರೆಗೆ ನಾನದನ್ನು ಮುಟ್ಟುವುದಿಲ್ಲ. ಕೇಳಿದ ಮೇಲೆ ನೀವು ತಂಬಿಗೆಯನ್ನು ಒಳಗೆ ಒಯ್ದರೆ, ಬಾಯಾರಿಕೊಂಡೇ ಎದ್ದು ಹೋಗುತ್ತೇನೆ.