ಒಂದೇ ಬದಿಗೆ ಏರಿದ ಎಣ್ಣೆ

ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯದ ಮೇಲೆ ಮಾರ್ಗದರ್ಶಕರು ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದಾಗ ನನಗೆ ನಲವತ್ತನಾಲ್ಕು ವರ್ಷ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತ, ರಜೆಗಳನ್ನೆಲ್ಲ ಸುರಿದು ಬರೆದ ಅಧ್ಯಾಯ ಅದು. ಅದು ಹೋದರೆ ಪಿಎಚ್‌ಡಿಯೂ ಹೋದಂತೆ.

ವಿಷಯವೇನೋ ಸರಳ. ಕಿರಿದಾದ, ಎತ್ತರದ ಕೊಳವೆಯಲ್ಲಿ ಎಣ್ಣೆ ತುಂಬಿ ತಳದಿಂದ ಕಾಯಿಸಿದರೆ ಮೊದಲು ಅದು ಅಲುಗುವುದೇ ಇಲ್ಲ. ಕಾವು ಒಂದು ಮಿತಿ ದಾಟಿದೊಡನೆ ಹೊರಳತೊಡಗುತ್ತದೆ. ನಡುವೆ ಏರಿ ಸುತ್ತಲೂ ಇಳಿಯುತ್ತದೆ ಎಂದು ಸರ್ ಅವರ ವಾದ. ಒಂದು ಬದಿಗೆ ಏರಿ ಎದುರು ಬದಿಗೆ ಇಳಿಯುತ್ತದೆ ಎಂದು ನನ್ನ ಲೆಕ್ಕ.

"ಕೊಳವಿ ಗುಂಡಗ ಐತಿ, ಕಾವು ಎಲ್ಲಾ ಕಡೆ ಸಮ ಐತಿ. ಎಣ್ಣಿಗೆ ಎಡ-ಬಲ ಹೆಂಗ ತಿಳೀತೈತವ್ವಾ? ಎಲ್ಲೋ ಲೆಕ್ಕ ತಪ್ಪೀದಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣೀಲೆ ತೋರಿಸ್ತೀನಿ ತಗೋರಿ ಸರ್," ಎಂದುಬಿಟ್ಟೆ.

ಹಾವೇರಿಯಲ್ಲಿದ್ದ ಅವರ ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ನಿಲ್ಲಿಸಿ ಶೇಂಗಾ ಎಣ್ಣೆ ತುಂಬಿದೆ. ಎಣ್ಣೆಯ ಓಟ ಕಾಣಲು ಬಣ್ಣ ಬೇಕಲ್ಲ? ಮಹಾ ಜಾಣೆಯಂತೆ ಅಡುಗೆಮನೆಯ ಡಬ್ಬಿಯಿಂದ ಮಸಾಲೆ ಖಾರ ಒಯ್ದಿದ್ದೆ. ಅದು ತಳದಲ್ಲಿ ಕೆಸರಿನಂತೆ ಕೂತಿತು. ಕೋಣೆಯ ತುಂಬ ಬೆಳ್ಳುಳ್ಳಿಯ ಘಮ.

"ರೊಟ್ಟಿ ತಂದಿಯೇನು?" ಎಂದರು ಸರ್. ನಾಚಿಕೆಯಿಂದ ಸತ್ತುಹೋದೆ.

ಅವ್ವ ಬ್ಯಾಡಗಿಯವಳು. ಹರೆಯದಿಂದಲೂ ಕೂಲಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದರಾಗ ಬಳ್ಳೊಳ್ಳಿ, ಕೊಬ್ರಿ, ಉಪ್ಪು ಎಲ್ಲಾ ಕುಟ್ಟಿ ಹಾಕೇನಿ, ಹುಚ್ಚಿ! ಬರೇ ಬಣ್ಣ ಬೇಕಂದ್ರ ಮೆಣಸಿನಕಾಯಿ ಸಿಪ್ಪಿ ಎಣ್ಣಿಯಾಗ ನೆನಿಸಬೇಕು."

ತೊಟ್ಟು, ಬೀಜ ತೆಗೆದು, ಸಿಪ್ಪೆಯನ್ನು ಬೆಚ್ಚನೆಯ ಶೇಂಗಾ ಎಣ್ಣೆಯಲ್ಲಿ ನೆನೆಸಿ, ಹತ್ತಿಯ ಬಟ್ಟೆಯಲ್ಲಿ ಎರಡು ಸಲ ಸೋಸಿಕೊಟ್ಟಳು. ತಿಳಿಯಾದ, ಕಡುಗೆಂಪು ಎಣ್ಣೆ. ಮರುವಾರ ಅವಳನ್ನೂ ಬಸ್ಸು ಹತ್ತಿಸಿಕೊಂಡು ಹಾವೇರಿಗೆ ಹೋದೆ.

ಕಾವು ಏರಿತು. ಉದ್ದನೆಯ ನಳಿಕೆಯಿಂದ ತಳಕ್ಕೆ ಒಂದು ಹನಿ ಬಿಟ್ಟೆ. ಕೆಂಪು ಎಳೆ ಎಡಗೋಡೆಗುಂಟ ಮೇಲೆದ್ದು, ತುದಿಯಲ್ಲಿ ಬಾಗಿ, ಬಲಗೋಡೆಗುಂಟ ಇಳಿಯಿತು!

"ಟೇಬಲ್ ವಾಲೈತಿ," ಎಂದರು ಸರ್. ರಸಮಟ್ಟ ತರಿಸಿ ಇಟ್ಟು ನೋಡಿದರು. ಮಟ್ಟ ಸರಿಯಿತ್ತು. "ಎಣ್ಣಿ ಆರಲಿ. ಇನ್ನೊಮ್ಮಿ ಮಾಡು."

ಅದು ತಣ್ಣಗಾಗುವಷ್ಟರಲ್ಲಿ ಮೂವರೂ ಅವ್ವ ಕಟ್ಟಿಕೊಂಡು ಬಂದ ರೊಟ್ಟಿ ತಿಂದೆವು. ಮತ್ತೆ ಕಾಯಿಸಿ ಹನಿ ಬಿಟ್ಟೆ. ಈ ಸಲ ಎಳೆ ಬಲಕ್ಕೆ ಏರಿ ಎಡಕ್ಕೆ ಇಳಿಯಿತು. ಟೇಬಲ್ ವಾಲಿದ್ದರೆ ಎರಡೂ ಸಲ ಒಂದೇ ಕಡೆ ಏರಬೇಕಿತ್ತು. ಎಣ್ಣೆಗೆ ಬದಿ ಯಾವುದಾದರೂ ನಡೆದೀತು, ನಡುವೆ ಮಾತ್ರ ಒಲ್ಲದು. ನಾನು ಬಾಯಿ ತೆರೆಯುವ ಮೊದಲೇ ಸರ್‌ಗೆ ಅದು ಹೊಳೆದಿತ್ತು. ಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿಯೇ ನೋಡಿದರು.

"ಅಧ್ಯಾಯ ತಾರವ್ವಾ," ಎಂದರು. ಕೆಂಪು ಗೀಟಿನ ಪಕ್ಕದಲ್ಲೇ 'ಲೆಕ್ಕ ಸರಿ, ನನ್ನದು ತಪ್ಪು' ಎಂದು ಬರೆದು ಸಹಿ ಹಾಕಿದರು. ನನಗೆ ಕುಣಿಯಬೇಕೆನಿಸಿತು.

"ಏನ್ ಬರದ್ರು?" ಅವ್ವ ನನ್ನ ಸೆರಗು ಜಗ್ಗಿದಳು.

"ನಂದು ಖರೇ ಐತಿ ಅಂತ."

"ಬಣ್ಣ ಯಾರ್ದು ಅಂತ ಬರದ್ರೇನು?"

ಬರೆದಿರಲಿಲ್ಲ. ನಾನು ಬರೆದೆ. ಈಗ ಅಚ್ಚಾದ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ, 'ಬಣ್ಣದ ಎಣ್ಣೆ ತಯಾರಿಸಿದವರು' ಎಂಬ ಮಾತಿನ ಮುಂದೆ ನಮ್ಮವ್ವನ ಪೂರ್ತಿ ಹೆಸರಿದೆ. ಆ ಸಾಲಿಗೆ ಸರ್ ಕೆಂಪು ಪೆನ್ನು ತಾಗಿಸಲಿಲ್ಲ.